ಮೊಮ್ಮಗು ಯಾರ ಮಡಿಲಿಗೆ? ಒಂದು ಹಕ್ಕಿನ ಚರಿತ್ರೆ

ಸಿಕಂದರಾಬಾದಿನಿಂದ ವಾಡಿಯವರೆಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿ. ತಾಂಡೂರು, ಸೇಡಂ, ಚಿತ್ತಾಪುರಗಳನ್ನು ಹಾದು ಅದು ವಾಡಿಯಲ್ಲಿ ಮುಂಬೈ-ಮದ್ರಾಸ್ ಹಾದಿಯನ್ನು ಕೂಡುತ್ತದೆ. ಶಹಾಬಾದಿನ ಕಲ್ಲು, ವಾಡಿಯ ಸಿಮೆಂಟು, ಸೇಡಂ-ಚಿಂಚೋಳಿ ಸೀಮೆಯ ತೊಗರಿ ಎಲ್ಲವೂ ಹೊರಗೆ ಹೋದವು. ಅವುಗಳ ಹಿಂದೆಯೇ ದುಡಿಯುವ ಪ್ರಾಯದವರು ಹೈದರಾಬಾದಿಗೆ, ಮುಂಬೈಗೆ ಹೋದರು. ಎಷ್ಟೋ ಮನೆಗಳಲ್ಲಿ ಉಳಿದವರು ಮುದುಕರು ಮತ್ತು ಅವರ ಕೈಗೆ ಒಪ್ಪಿಸಿಹೋದ ಮಕ್ಕಳು.

ಹೀಗೆ ಬೆಳೆಯುವ ಮಗುವಿಗೆ ಯಾರೂ ಕಾಗದ ಕೇಳುವುದಿಲ್ಲ. ಮಗಳು ತೀರಿಕೊಂಡು ಅಳಿಯ ಮರುಮದುವೆಯಾದಾಗ, ಇಲ್ಲವೆ ಸತ್ತವನ ಹೆಸರಿಗೆ ಪರಿಹಾರದ ಹಣ ಬಂದಾಗ ಕಾಗದದ ಮಾತು ಏಳುತ್ತದೆ. ಆಗ, "ಮಗು ತಂದೆಯ ಕಡೆಯದು, ನಾನಿಗೆ ಯಾವ ಹಕ್ಕು?" ಎಂದು ಊರ ಹಿರಿಯರೇ ತೀರ್ಪು ಕೊಟ್ಟುಬಿಡುವುದುಂಟು. ಈ ಮಾತು ಶರೀಅತ್ತಿನದ್ದೂ ಅಲ್ಲ, ದೇಶದ ಕಾನೂನಿನದ್ದೂ ಅಲ್ಲ.

ಇಮಾಮ್ ಮಾಲಿಕ್‌ರ 'ಮುವತ್ತಾ'ದಲ್ಲಿ ಒಂದು ಪ್ರಸಂಗ ದಾಖಲಾಗಿದೆ. ಹ. ಉಮರ್(ರ) ತಾವು ವಿಚ್ಛೇದನ ನೀಡಿದ್ದ ಅನ್ಸಾರಿ ಪತ್ನಿಯ ಮಗ ಆಸಿಮ್‌ನನ್ನು ಕುಬಾ ಮಸೀದಿಯ ಅಂಗಳದಲ್ಲಿ ಕಂಡರು. ಆಡುತ್ತಿದ್ದ ಮಗುವಿನ ತೋಳು ಹಿಡಿದೆತ್ತಿ ತಮ್ಮ ವಾಹನದ ಮೇಲೆ ಮುಂದೆ ಕೂರಿಸಿಕೊಂಡರು. ಮಗುವಿನ ಅಜ್ಜಿ, ತಾಯಿಯ ತಾಯಿ, ಬೆನ್ನಟ್ಟಿ ಬಂದು ತಡೆದರು. ವ್ಯಾಜ್ಯ ಖಲೀಫ ಹ. ಅಬೂಬಕರ್(ರ) ಅವರ ಮುಂದೆ ಬಂತು. ಇಬ್ಬರೂ ಮಗು ತನ್ನದೆಂದರು. ಖಲೀಫರು ಮಗುವನ್ನು ಅಜ್ಜಿಗೆ ಬಿಟ್ಟುಕೊಡುವಂತೆ ಹೇಳಿದರು. ಉಮರ್(ರ) ಮರುಮಾತಾಡಲಿಲ್ಲ. ಎದುರುವಾದಿ ಮುಂದೆ ಸ್ವತಃ ಖಲೀಫರಾಗಲಿದ್ದವರು, ವಾದಿ ಒಬ್ಬ ಮುದುಕಿ ಎಂಬುದನ್ನು ನಮ್ಮ ಊರ ಪಂಚಾಯಿತಿಗಳು ಗಮನಿಸಬೇಕು.

ನಂತರದ ಫಿಕ್ಹ್ ಪಂಡಿತರು ಇದನ್ನು ಎರಡು ಕವಲುಗಳಾಗಿ ವಿಂಗಡಿಸಿದರು. ಮಗುವನ್ನು ಸಾಕಿ ಸಲಹುವುದು ಹಿಝಾನತ್. ಅದರ ಆಸ್ತಿ, ವ್ಯವಹಾರಗಳ ಹೊಣೆ ವಿಲಾಯತ್. ಈ ಭಾಗದಲ್ಲಿ ಹೆಚ್ಚಾಗಿರುವ ಹನಫಿಗಳಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಬಳಿ ಇರಬೇಕು. ತಾಯಿ ಇಲ್ಲದಿದ್ದರೆ, ಅಥವಾ ಆಕೆ ಮಗುವಿಗೆ ಸಂಬಂಧವಿಲ್ಲದವನನ್ನು ಮದುವೆಯಾದರೆ, ಮೊದಲ ಸರದಿ ನಾನಿಯದು, ಆಮೇಲೆ ದಾದಿಯದು. (ಕರಾವಳಿಯ ಶಾಫಿಗಳಲ್ಲಿ ವಯಸ್ಸಿನ ಲೆಕ್ಕ ಬೇರೆ.) ವಿಲಾಯತ್ ಮಾತ್ರ ತಂದೆಗೆ, ತಂದೆ ಉಯಿಲಿನಲ್ಲಿ ಹೆಸರಿಸಿದವನಿಗೆ, ಅನಂತರ ದಾದಾನಿಗೆ. ಹೀಗಾಗಿ ಅನ್ನ ಉಣಿಸುವ ನಾನಿ ಮಗುವಿನ ಹೊಲ ಮಾರುವಂತಿಲ್ಲ. ಸಾಕುತ್ತಿದ್ದೇನೆ ಎಂಬ ಕಾರಣಕ್ಕೆ ತಾಯಿ ಕೂಡ ಮಗುವಿನ ಸ್ಥಿರಾಸ್ತಿ ಮಾರುವಂತಿಲ್ಲ ಎಂದು 1918ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು. ಕೋರ್ಟಿನ ನೇಮಕ ಬೇಕು.

ಆ ಕೋರ್ಟಿನ ಕಾನೂನು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಬ್ರಿಟಿಷ್ ಇಂಡಿಯಾದ ಈ ಕಾಯ್ದೆಯ ವ್ಯಾಪ್ತಿಗೆ ಹೈದರಾಬಾದ್ ಸೀಮೆ ಸೇರಿದ್ದು ವಿಲೀನದ ನಂತರ, 1951ರಲ್ಲಿ. ಅದರ 17ನೇ ಕಲಮು ಮಗುವಿನ ಧರ್ಮ, ವಯಸ್ಸು, ರಕ್ತಸಂಬಂಧ, ತೀರಿಕೊಂಡ ತಂದೆ-ತಾಯಿಯ ಇಚ್ಛೆ ಎಲ್ಲವನ್ನೂ ನೋಡಲು ಹೇಳುತ್ತದೆ. ಆದರೆ ಮಗುವಿನ ಹಿತ ಎಲ್ಲಕ್ಕಿಂತ ಮೇಲು. 19ನೇ ಕಲಮಿನ ಅಡ್ಡಿಯೂ ಇದೆ. ತಂದೆ ಬದುಕಿದ್ದು ಅಯೋಗ್ಯನಲ್ಲದಿದ್ದರೆ ಬೇರೆಯವರನ್ನು ಮಗುವಿನ ಪೋಷಕರಾಗಿ ನೇಮಿಸುವಂತಿಲ್ಲ. ಎಷ್ಟೋ ಅಜ್ಜಿಯರು ಇಲ್ಲಿಗೇ ಕೈಚೆಲ್ಲುತ್ತಾರೆ.

ಕೈಚೆಲ್ಲಬೇಕಾಗಿಲ್ಲ. ಬೆಂಗಳೂರಿನ ಮುಸ್ಲಿಂ ಕುಟುಂಬವೊಂದರಲ್ಲಿ 2007ರಲ್ಲಿ ತಾಯಿ ತೀರಿಕೊಂಡು ತಂದೆ ಮರುಮದುವೆಯಾದಾಗ ನಾನಾ ಮತ್ತು ತಾಯಿಯ ಒಡಹುಟ್ಟಿದವರು ಕೋರ್ಟಿಗೆ ಹೋದರು. 2010ರಲ್ಲಿ ಸುಪ್ರೀಂ ಕೋರ್ಟು ಪೋಷಕತ್ವ ಬೇರೆ, ಸುಪರ್ದಿ ಬೇರೆ ಎಂದು ಬಿಡಿಸಿ ಹೇಳಿತು. ಮರುಮದುವೆಯೊಂದರಿಂದಲೇ ತಂದೆ ಅನರ್ಹನಾಗುವುದಿಲ್ಲ. ಆದರೂ ಮೂಲ ಅರ್ಜಿ ತೀರ್ಮಾನವಾಗುವವರೆಗೆ ಮಕ್ಕಳು ತಾಯಿಯ ಕಡೆಯವರಲ್ಲೇ ಇರಲಿ, ತಂದೆ ಬಂದು ನೋಡಲಿ ಎಂದಿತು. ಫಿಕ್ಹ್ ಮಾಡಿದ್ದ ಆ ಎರಡು ಕವಲುಗಳನ್ನು ನಾವು ಇಲ್ಲಿ ಮತ್ತೆ ಕಾಣುತ್ತೇವೆ. ಕೊರೊನಾದಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ಅಹಮದಾಬಾದಿನ ಬಾಲಕನನ್ನು ಗುಜರಾತ್ ಹೈಕೋರ್ಟು ಸರ್ಕಾರಿ ನೌಕರಿಯಲ್ಲಿದ್ದ ಚಿಕ್ಕಮ್ಮನಿಗೆ ಒಪ್ಪಿಸಿತ್ತು. 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬದಲಿಸಿ ತಂದೆಯ ತಂದೆ-ತಾಯಿಗೆ ಕೊಟ್ಟಿತು. ವಯಸ್ಸು, ವರಮಾನ ಮಾತ್ರ ನೋಡಿ ಅಜ್ಜ-ಅಜ್ಜಿಯನ್ನು ತಳ್ಳಿಹಾಕುವಂತಿಲ್ಲ ಎಂಬ ಈ ಮಾತು ಫರಸಿಕಲ್ಲು ಕಡಿದು ಮುದಿಯಾದವರಿಗೂ ಸಲ್ಲುತ್ತದೆ.

ಇನ್ನು ದೂರದ ಮಾತು. 1956ರವರೆಗೆ ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳೇ. ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಕ್ಕೆ ಹೋದವು, ಸೇಡಂ, ಚಿಂಚೋಳಿ ಮೈಸೂರಿಗೆ ಬಂದವು. ಬೀಗತನ ಮಾತ್ರ ನಿಲ್ಲಲಿಲ್ಲ. ಮಗುವಿನ ಸುಪರ್ದಿಯ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೇ ಹೋಗಬೇಕೆಂದು 9ನೇ ಕಲಮು ಹೇಳುತ್ತದೆ. ಸೇಡಂನ ನಾನಿ ಸಾಕಿದ ಮಗುವನ್ನು ತಾಂಡೂರಿಗೆ ಕರೆದೊಯ್ದರೆ, ಮಗುವಿನ ವಾಸ ಯಾವ ರಾಜ್ಯದಲ್ಲಿ ಎಂಬುದೇ ಮೊದಲ ಜಗಳವಾಗುತ್ತದೆ. ಹಿಂದೆ ಮೇಲ್ಮನವಿಗೆ ಹೈದರಾಬಾದಿತ್ತು; 1956ರ ನಂತರ ಬೆಂಗಳೂರಿಗೆ ಅಲೆಯಬೇಕಾಯಿತು. ಗುಲ್ಬರ್ಗಾದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದು 2008ರ ಜುಲೈಯಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ಇಂದು ಚಿಂಚೋಳಿಯ ಅಜ್ಜಿ ಮುಂಜಾನೆ ಬಸ್ಸು ಹತ್ತಿ ಕಲಬುರಗಿಯ ಕೋರ್ಟು ಮುಗಿಸಿ ರಾತ್ರಿಗೆ ಮನೆ ಸೇರಬಹುದು. ಶಾಲೆಯ ದಾಖಲಾತಿ, ಪಡಿತರ ಚೀಟಿ, ಲಸಿಕೆ ಕಾರ್ಡುಗಳನ್ನು ಜೊತೆಗೆ ಒಯ್ದರೆ ಮಗು ಎಲ್ಲಿ ಬೆಳೆಯಿತೆಂದು ತೋರಿಸಲು ಅವೇ ಸಾಕ್ಷಿ.