ಎಲ್ಲರಿಗೂ ಎಟುಕುವ ಪಠ್ಯ: ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ತರಗತಿಯನ್ನು ಕುರಿತು ಒಂದು ವಿಚಾರ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿರುವ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಮಾತು ಬ್ರಹ್ಮಗಿರಿಯ ಶಾಸನದಲ್ಲಿದೆ. ಈ ನೆಲದಲ್ಲಿ ಗುರುಶಿಷ್ಯರನ್ನು ಕುರಿತು ಸಿಗುವ ಅತಿ ಹಳೆಯ ಬರಹಗಳಲ್ಲಿ ಅದೊಂದು. ಇಸಿಲ ಎಂಬ ಊರಿನ ಅಧಿಕಾರಿಗಳಾದ ಮಹಾಮಾತ್ರರನ್ನು ಉದ್ದೇಶಿಸಿದ ಆ ಪ್ರಾಕೃತ ಪಾಠವನ್ನು ಹತ್ತಿರ ಹತ್ತಿರದ ಮೂರು ಕಡೆ ಕೊರೆಸಿದ್ದರೂ, ಅದು ಸುತ್ತಲಿನ ಜನರನ್ನು ಮುಟ್ಟಲು ಓದಿ ಹೇಳುವವರು ಬೇಕಾಗಿದ್ದಿರಬೇಕು. ಇಂದಿನ ಡಿಜಿಟಲ್ ಪಠ್ಯವೂ ಇದೇ ಪ್ರಶ್ನೆಯನ್ನು ಎದುರಿಸುತ್ತಿದೆ. ಪಠ್ಯ ಜಾಲತಾಣದಲ್ಲಿದ್ದರೂ ಅದನ್ನು ಓದಲಾಗದ ಮಗುವಿಗೆ ಅದು ಇಲ್ಲದಂತೆಯೇ. ಉಪಕರಣ ಹಂಚುವುದಕ್ಕಿಂತ ಮೊದಲು ಪಠ್ಯದ ಕಡತವೂ ಶಿಕ್ಷಕರ ತರಬೇತಿಯೂ ಸರಿಹೋಗಬೇಕು ಎಂಬುದು ಈ ಲೇಖನದ ವಾದ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮಳೆ ಕಡಿಮೆ, ಬೆಳೆ ಹೆಚ್ಚಾಗಿ ಶೇಂಗಾ, ಊರುಗಳು ಚದುರಿವೆ. ಗೊಲ್ಲರಹಟ್ಟಿ, ಮ್ಯಾಸಬೇಡರ ಹಟ್ಟಿ, ಲಂಬಾಣಿ ತಾಂಡಾಗಳಿಂದ ಮಕ್ಕಳು ಶಾಲೆಗೆ ಬರುತ್ತಾರೆ. ಆಂಧ್ರದ ರಾಯದುರ್ಗ, ಕಲ್ಯಾಣದುರ್ಗಗಳು ಗಡಿಯಾಚೆ ಇರುವುದರಿಂದ ಅನೇಕ ಮನೆಗಳ ಮಾತು ತೆಲುಗು. ಹೀಗಾಗಿ ಇಲ್ಲಿ ಒಳಗೊಳ್ಳುವ ಶಿಕ್ಷಣವೆಂದರೆ ಅಂಗವೈಕಲ್ಯದ ಪ್ರಶ್ನೆಯಷ್ಟೇ ಅಲ್ಲ. ಪುಸ್ತಕದ ಕನ್ನಡ ಕಿವಿಗೆ ಹೊಸದಾಗಿರುವ ಮಗುವಿನ ಪ್ರಶ್ನೆಯೂ ಹೌದು. ಕೇಳಿ ಕಲಿಯುವ ಪರಂಪರೆ ಮಾತ್ರ ಇಲ್ಲಿ ಗಟ್ಟಿಯಾಗಿದೆ. ಅಕ್ಷರ ಕಲಿಯದ ಚಳ್ಳಕೆರೆ ತಾಲ್ಲೂಕಿನ ಜನಪದ ಗಾಯಕಿ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡಿದವರು. ಅಂಥ ಸೀಮೆಯಲ್ಲಿ ಕೇಳಿಸುವ ಪಠ್ಯವನ್ನು ಅಚ್ಚಾದ ಪಠ್ಯಕ್ಕಿಂತ ಕೀಳೆಂದು ಎಣಿಸುವುದು ತಪ್ಪು.

ಕಾನೂನಿನ ಮಟ್ಟಿಗೆ ಕೊರತೆ ಹೆಚ್ಚಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಎಲ್ಲರೂ ಬಳಸಬಲ್ಲಂತೆ ರೂಪಿಸುವ ಸಾರ್ವತ್ರಿಕ ವಿನ್ಯಾಸವನ್ನು ವ್ಯಾಖ್ಯಾನಿಸಿದೆ. ಪುಸ್ತಕ ಮತ್ತು ನೆರವಿನ ಸಾಧನಗಳನ್ನು ಉಚಿತವಾಗಿ ಕೊಡುವ ಹೊಣೆಯನ್ನು 17ನೆಯ ಕಲಂನಲ್ಲಿ ಸರ್ಕಾರಕ್ಕೆ ಹೊರಿಸಿದೆ. ಕೃತಿಸ್ವಾಮ್ಯವೂ ಅಡ್ಡಿಯಲ್ಲ. 2012ರ ತಿದ್ದುಪಡಿಯ ಬಳಿಕ ಅಂಗವಿಕಲರಿಗಾಗಿ ಪುಸ್ತಕದ ರೂಪ ಬದಲಿಸಲು ಅವಕಾಶವಿದೆ. ದೃಷ್ಟಿಹೀನರಿಗೆ ಪುಸ್ತಕ ಎಟುಕುವಂತೆ ಮಾಡುವ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತವೇ.

ತೊಡಕು ಇರುವುದು ಕಡತದ ಒಳಗೆ. ಕನ್ನಡ ಟೈಪಿಸುವ ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತ ಪದ್ಧತಿಯಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಲಾಗುತ್ತಿತ್ತು. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ ಕಂಡರೂ ಗಣಕದ ಪಾಲಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪರದೆ ಓದುವ ತಂತ್ರಾಂಶ ಅದನ್ನೇ ಗಟ್ಟಿಯಾಗಿ ಓದುತ್ತದೆ. ದೃಷ್ಟಿಹೀನ ವಿದ್ಯಾರ್ಥಿಗೆ ಸಿಗುವುದು ಬರೀ ಗದ್ದಲ. ಸ್ಕ್ಯಾನ್ ಮಾಡಿದ ಪುಟವಾದರೆ ಅಷ್ಟೂ ಇಲ್ಲ, ಮೌನವೇ. ಜಗತ್ತಿನ ಲಿಪಿಗಳಿಗೆ ತಮ್ಮದೇ ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಎಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತು. ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡ್ ಬಲ್ಲವು. ಆದರೂ ಹಳೆಯ ಸಂಕೇತದ ಕಡತಗಳು ಕೈಯಿಂದ ಕೈಗೆ ಸಾಗುತ್ತಲೇ ಇವೆ. ಇದನ್ನು ಸಣ್ಣ ತಾಂತ್ರಿಕ ದೋಷವೆಂದು ತಳ್ಳಿಹಾಕುವಂತಿಲ್ಲ; ಮಗುವಿನ ಓದನ್ನೇ ಇದು ಕಿತ್ತುಕೊಳ್ಳುತ್ತದೆ.

ಸರಿಯಾದ ಒಂದೇ ಯೂನಿಕೋಡ್ ಕಡತವಿದ್ದರೆ ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ, ಪರದೆ ಓದುವ ಉಚಿತ ಎನ್‌ವಿಡಿಎ ತಂತ್ರಾಂಶ ಅದನ್ನು ಕನ್ನಡದಲ್ಲಿ ಓದುತ್ತದೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಕೂಡ. ಭಾರತಿ ಬ್ರೈಲ್‌ಗೆ ಅದೇ ಕಡತ ಮೂಲ. ಮಂದದೃಷ್ಟಿಯ ಮಗುವಿಗೆ ಅಕ್ಷರ ಹಿಗ್ಗಿಸಿ ಕೊಡಬಹುದು. ತೆಲುಗು ಮನೆಮಾತಿನ ಮಗು ಸಾಲನ್ನು ನೋಡುತ್ತಲೇ ಕೇಳಬಹುದು. ಪಾಠವನ್ನು ಹಲವು ರೂಪಗಳಲ್ಲಿ ತಲುಪಿಸಬೇಕೆಂದು ಅಮೆರಿಕದ ಕ್ಯಾಸ್ಟ್ ಸಂಸ್ಥೆ ರೂಪಿಸಿದ ಸಾರ್ವತ್ರಿಕ ಕಲಿಕಾ ವಿನ್ಯಾಸದ ತತ್ವಕ್ಕೆ ಕನ್ನಡದಲ್ಲಿ ಇದಕ್ಕಿಂತ ಅಗ್ಗದ ಆರಂಭ ನನಗೆ ಕಾಣುವುದಿಲ್ಲ.

ಕಿವುಡ ಮಕ್ಕಳ ಸಂಗತಿ ಬೇರೆ. ಧ್ವನಿ ಅವರಿಗೆ ನೆರವಾಗದು. ವಿಡಿಯೊ ಪಾಠಕ್ಕೆ ಕನ್ನಡ ಅಡಿಬರಹ ಮತ್ತು ಸಂಜ್ಞಾಭಾಷೆ ಎರಡೂ ಬೇಕು. ಎನ್‌ಸಿಇಆರ್‌ಟಿ ಪಠ್ಯಗಳನ್ನು ಭಾರತೀಯ ಸಂಜ್ಞಾಭಾಷೆಗೆ ತರುವ ಒಪ್ಪಂದ 2020ರಲ್ಲಿ ಆಗಿದೆ. ರಾಜ್ಯದ ಪಠ್ಯಗಳಿಗೂ ಅಂಥ ಪ್ರಯತ್ನ ಬೇಕು. ಡಿಜಿಟಲ್ ಪಾಠಗಳ ದೀಕ್ಷಾ ವೇದಿಕೆಗೆ ಕೊಂಡೊಯ್ಯುವ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಕೂಡ ಕಣ್ಣಿರುವವರನ್ನೇ ನೆನೆದು ಮಾಡಿದ್ದು. ಸುತ್ತ ಒಂದು ಉಬ್ಬುಗೆರೆ ಇದ್ದರೆ ಬೆರಳು ಅದನ್ನು ಹುಡುಕಿಕೊಳ್ಳುತ್ತದೆ.

ಇನ್ನು ತರಬೇತಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ ಆವರಣವಿದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರ 2011ರಿಂದ ಶಾಲಾ ಕಾಲೇಜು ಶಿಕ್ಷಕರಿಗೆ ಪ್ರಯೋಗಸಹಿತ ತರಬೇತಿ ಕೊಡುತ್ತಿದೆ. ಇದೇ ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ, ಅಚ್ಚಾದ ಕನ್ನಡ ಪುಟವನ್ನು ಗುರುತಿಸಿ ಪಠ್ಯವಾಗಿಸುವ ‘ಲಿಪಿ ಜ್ಞಾನಿ’ಯನ್ನೂ ಕನ್ನಡ ಪಠ್ಯವನ್ನು ಧ್ವನಿಯಾಗಿಸುವ ತಂತ್ರಾಂಶವನ್ನೂ ರೂಪಿಸಿದೆ. ಸಾಧನವೂ ಶಿಕ್ಷಕರ ತರಬೇತಿಯೂ ಒಂದೇ ಸಂಸ್ಥೆಯ ಎರಡು ಆವರಣಗಳಲ್ಲಿವೆ. ಇವೆರಡನ್ನು ಕೂಡಿಸುವ ಕೆಲಸಕ್ಕೆ ಹೊಸ ಯೋಜನೆಯೇ ಬೇಕಿಲ್ಲ. ಕುದಾಪುರದ ತರಬೇತಿಯಲ್ಲಿ ಒಂದೆರಡು ದಿನ ಮೀಸಲಿಟ್ಟರೆ ಸಾಕು. ಯೂನಿಕೋಡ್‌ನಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದು, ಚಿತ್ರಕ್ಕೆ ಮಾತಿನ ವಿವರಣೆ ಬರೆಯುವುದು, ಮೊಳಕಾಲ್ಮೂರಿನ ಮಗ್ಗಗಳ ಬಳಿ ಸಿಗುವ ನೂಲನ್ನು ಅಂಟಿಸಿ ಉಬ್ಬುನಕ್ಷೆ ಮಾಡುವುದು, ಇವನ್ನೆಲ್ಲ ಅಲ್ಲೇ ಕಲಿಸಬಹುದು. ಮನೆಮನೆಗೆ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವ, ಒಳಗೊಳ್ಳುವ ಶಿಕ್ಷಣಕ್ಕೆಂದೇ ಬ್ಲಾಕ್ ಮಟ್ಟದಲ್ಲಿರುವ ಬಿಐಇಆರ್‌ಟಿ ಶಿಕ್ಷಕರನ್ನು ಈ ತರಬೇತಿಗೆ ಮೊದಲು ಕರೆಯಬೇಕು. ಯಾವ ಮಗುವಿಗೆ ಏನು ಬೇಕೆಂದು ಬಲ್ಲವರು ಅವರೇ.

ಕುದಾಪುರದ ಆವರಣ ಎದ್ದಿರುವುದು ಸುತ್ತಲಿನ ಹಳ್ಳಿಗಳ ದನಕರು ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ. ಆ ಹಳ್ಳಿಗಳ ಮಕ್ಕಳಿಗೆ ಈ ವಿದ್ಯೆಯ ಮೊದಲ ಪಾಲು ಸಲ್ಲಬೇಕು. ಹಾಗೆಯೇ ಕರ್ನಾಟಕ ಪಠ್ಯಪುಸ್ತಕ ಸಂಘವು ಪ್ರತಿ ಪುಸ್ತಕದ ಯೂನಿಕೋಡ್ ಕಡತವನ್ನು ಶಾಲೆ ತೆರೆಯುವ ಮೊದಲೇ ಎಲ್ಲರಿಗೂ ಮುಕ್ತವಾಗಿ ಒದಗಿಸಬೇಕೆಂದು ಈ ಲೇಖನ ಒತ್ತಾಯಿಸುತ್ತದೆ.