ದಡಾರ: ಸಿಡುಬಿನ ನೆರಳಿನಲ್ಲಿ ಉಳಿದ ಕಾಯಿಲೆ

ಮಗುವಿಗೆ ದಡಾರ ಎದ್ದರೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಅದು ತಾನಾಗಿ ಇಳಿಯಲೆಂದು ಕಾಯುವುದು ನಮ್ಮ ಕಡೆಯ ಹಳೆಯ ರೂಢಿ. ಎಲ್ಲ ಮಕ್ಕಳಿಗೂ ಬರುತ್ತದೆ, ಬಂದು ಹೋಗುತ್ತದೆ ಎಂಬ ಸಮಾಧಾನ ಬೇರೆ. ಊರಿಗೆ ಊರನ್ನೇ ನಡುಗಿಸುತ್ತಿದ್ದ ಸಿಡುಬಿನ ಪಕ್ಕದಲ್ಲಿ ದಡಾರ ಚಿಕ್ಕದಾಗಿ ಕಂಡದ್ದು ಸಹಜವೇ. ಆದರೆ ಇವೆರಡನ್ನು ಬೇರ್ಪಡಿಸಿ ಗ್ರಂಥ ಬರೆದ ವೈದ್ಯರು ಹಾಗೆ ಭಾವಿಸಿರಲಿಲ್ಲ.

ಅವರು ಅಬೂಬಕರ್ ಅರ್ರಾಝಿ. ಇಂದಿನ ತೆಹ್ರಾನ್ ಸಮೀಪದ ರಯ್ ಪಟ್ಟಣದವರು. ಅಲ್ಲಿಯೂ ಬಗ್ದಾದ್‌ನಲ್ಲಿಯೂ ಆಸ್ಪತ್ರೆಯ ಮುಖ್ಯಸ್ಥರಾಗಿದ್ದರು. ಸಾವಿರದ ನೂರು ವರ್ಷಗಳ ಹಿಂದೆ ಅವರು ಬರೆದ ಪುಸ್ತಕ ಸಿಡುಬು ಮತ್ತು ದಡಾರದ ಕುರಿತಾಗಿಯೇ ಇದೆ. ಬೆನ್ನುನೋವು ಹೆಚ್ಚಿದ್ದರೆ ಸಿಡುಬು, ಚಡಪಡಿಕೆ ಮತ್ತು ವಾಕರಿಕೆ ಹೆಚ್ಚಿದ್ದರೆ ದಡಾರ ಎಂದು ಗುರುತು ಹೇಳಿದರು. ದ್ರಾಕ್ಷಿ ರಸ ಹುಳಿಯುವಂತೆ ಮಕ್ಕಳ ರಕ್ತ ಕುದಿಯುವುದೇ ಕಾರಣವೆಂದರು. ಅದು ತಪ್ಪು, ವೈರಸ್ಸಿನ ಕಲ್ಪನೆಯೇ ಇಲ್ಲದ ಕಾಲ. ಆದರೆ ದಡಾರವು ಸಿಡುಬಿಗಿಂತಲೂ ಭಯಪಡಬೇಕಾದ ರೋಗ ಎಂದು ಬರೆದರಲ್ಲ, ಆ ಮಾತನ್ನು ತಳ್ಳಿಹಾಕುವಂತಿಲ್ಲ. ಕಣ್ಣುಗಳನ್ನು ಕಾಪಾಡಲು ಗುಲಾಬಿ ನೀರು ಬಿಡಬೇಕೆಂದೂ ಅವರು ಸೂಚಿಸಿದ್ದರು.

ದಡಾರದ ಮಗು ಸಾಯುವುದು ಮೈಮೇಲಿನ ಕೆಂಪು ದದ್ದುಗಳಿಂದಲ್ಲ. ಬೆನ್ನಿಗೇ ಬರುವ ನ್ಯುಮೋನಿಯಾದಿಂದ, ಭೇದಿಯಿಂದ. ಸಾವಿರಕ್ಕೆ ಸುಮಾರು ಒಬ್ಬರಿಗೆ ಮಿದುಳಿನ ಉರಿಯೂತವಾಗುತ್ತದೆ. ಹೊಟ್ಟೆಗೆ ಸಾಲದೆ ಎ ವಿಟಮಿನ್ ಕೊರತೆಯಾದ ಮಕ್ಕಳಲ್ಲಿ ಕಣ್ಣೇ ಹೋಗಬಹುದು. ಲಂಡನ್ನಿನ ವೈದ್ಯ ಎಲಿಸನ್ ದಡಾರದ 600 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಈ ವಿಟಮಿನ್ ಕೊಟ್ಟು ನೋಡಿದರು. ಕೊಡದಿದ್ದವರಲ್ಲಿ 26 ಮಕ್ಕಳು ಸತ್ತರು, ಕೊಟ್ಟವರಲ್ಲಿ 11. ಇದು ಪ್ರಕಟವಾದದ್ದು 1932ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ದಡಾರಕ್ಕೆ ಈ ವಿಟಮಿನ್ ಕೊಡಿರೆಂದು ಹೇಳಿದ್ದು 1987ರಲ್ಲಿ! ಇಷ್ಟು ಅಗ್ಗದ ಔಷಧಿಗಾಗಿ ಬಡವರ ಮಕ್ಕಳು 55 ವರ್ಷ ಕಾಯಬೇಕಾಯಿತು.

ಇನ್ನೊಂದು ಹಾನಿ ಕಣ್ಣಿಗೆ ಕಾಣುವಂಥದ್ದಲ್ಲ. ಹಿಂದಿನ ಕಾಯಿಲೆಗಳನ್ನು ಎದುರಿಸಿ ದೇಹ ಗಳಿಸಿಟ್ಟುಕೊಂಡ ರೋಗನಿರೋಧಕ ನೆನಪನ್ನೇ ದಡಾರ ಅಳಿಸುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಪಡೆಯದ 77 ಮಕ್ಕಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಡಾರದ ಬಳಿಕ ಅವರ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಇಲ್ಲವಾಗಿದ್ದವು. ದಡಾರ ಬಂದು ಹೋಯಿತೆಂದು ಮನೆಯವರು ನಿಟ್ಟುಸಿರು ಬಿಟ್ಟ ತಿಂಗಳುಗಳ ನಂತರ ಮಗು ಬೇರೊಂದು ಸೋಂಕಿಗೆ ಬಲಿಯಾದರೆ, ಅದನ್ನು ದಡಾರದ ಲೆಕ್ಕಕ್ಕೆ ಬರೆಯುವವರು ಯಾರು?

ಇದಕ್ಕೆ ಲಸಿಕೆ ಬಂದದ್ದು 1963ರಲ್ಲಿ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 1985ರಿಂದಲೂ ಇದೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸಾಪ್‌ನಲ್ಲಿ ಹರಿದಾಡಿದ ವದಂತಿಗಳಿಗೆ ಹೆದರಿ ಮಕ್ಕಳನ್ನು ಹಿಂದಕ್ಕೆಳೆದುಕೊಂಡವರಲ್ಲಿ ನಮ್ಮವರೂ ಇದ್ದರು. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯ ಕಿಕ್ಕಿರಿದ ಗಲ್ಲಿಗಳಲ್ಲಿ ದಡಾರ ಹರಡಿ ಮಕ್ಕಳು ಸತ್ತಾಗ, ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಲಸಿಕೆ ಪಡೆದಿರಲಿಲ್ಲ.