ಚಾಸಿಯ ಬಿರುಕು: ಪತ್ತೆ ಮತ್ತು ದುರಸ್ತಿಯ ಇತಿಹಾಸ

ಒಂದು ಏಟಿಗೆ ಬಗ್ಗದ ಉಕ್ಕು, ಅದಕ್ಕಿಂತ ಎಷ್ಟೋ ಚಿಕ್ಕ ಬಲ ಲಕ್ಷಾಂತರ ಸಲ ಹಿಂದಕ್ಕೂ ಮುಂದಕ್ಕೂ ಎಳೆದರೆ ಸೀಳುತ್ತದೆ. ಲೋಹದ ಈ ದಣಿವು ವ್ಯಾಪಕ ಗಮನ ಸೆಳೆದದ್ದು ರೈಲಿನಲ್ಲಿ. 1842ರ ಮೇ ತಿಂಗಳಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್‌ನ ಅಚ್ಚು ಮುರಿದು ಭೀಕರ ಅವಘಡ ನಡೆಯಿತು. ಮುಂದಿನ ದಶಕಗಳಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳ ಮೇಲೆ ದೀರ್ಘ ಪ್ರಯೋಗ ನಡೆಸಿ, ಹೊರೆಯ ಪ್ರಮಾಣದಷ್ಟೇ ಅದು ಮರುಕಳಿಸುವ ಸಂಖ್ಯೆಯೂ ಮುಖ್ಯವೆಂದು ತೋರಿಸಿದ.

ರೇಸಿಂಗ್ ಕಾರುಗಳಲ್ಲಿ ತೂಕ ಇಳಿಸುವ ಹಟ ಈ ಸಮಸ್ಯೆಯನ್ನು ಚಾಸಿಗೆ ತಂದಿತು. 1969ರ ಪೋರ್ಷೆ 917ರ ಚೌಕಟ್ಟು ಅಲ್ಯೂಮಿನಿಯಂ ಕೊಳವೆಗಳದ್ದು. ಕೊಳವೆಗಳೊಳಗೆ ಒತ್ತಡದಲ್ಲಿ ಅನಿಲ ತುಂಬಿಡುತ್ತಿದ್ದರು. ಒತ್ತಡ ಇಳಿದರೆ ಎಲ್ಲೋ ಬೆಸುಗೆ ಬಿಟ್ಟಿದೆ ಎಂದರ್ಥ. ಜಾಣ ಉಪಾಯವೇ ಸರಿ, ಆದರೆ ಬಿರುಕು ಎಲ್ಲಿದೆ ಎಂದು ಅದು ಹೇಳುತ್ತಿರಲಿಲ್ಲ.

ರಸ್ತೆಯ ಕಾರುಗಳಲ್ಲಿ ಇಂಥ ಬಿರುಕಿನಿಂದ ಹೆಚ್ಚು ಚರ್ಚೆಗೆ ಬಂದದ್ದು ಬಿಎಂಡಬ್ಲ್ಯು ಇ46 ಮಾದರಿ, ಅದರಲ್ಲೂ 2000ದಿಂದ 2006ರವರೆಗೆ ತಯಾರಾದ ಎಂ3. ಇದರಲ್ಲಿ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್, ಹಿಂದಿನ ಸಬ್‌ಫ್ರೇಮ್ ಎಂಬ ಉಪಚೌಕಟ್ಟಿನಲ್ಲಿ ಕೂತಿದೆ; ಸಬ್‌ಫ್ರೇಮ್ ನಾಲ್ಕು ಕಡೆ ರಬ್ಬರ್ ಬುಷ್‌ಗಳ ಮೂಲಕ ನೆಲದ ತಗಡಿಗೆ ಬಿಗಿದಿದೆ. ಆ್ಯಕ್ಸಿಲರೇಟರ್ ಒತ್ತಿದಾಗ ಒಂದು ದಿಕ್ಕಿಗೆ, ಬಿಟ್ಟಾಗ ಇನ್ನೊಂದು ದಿಕ್ಕಿಗೆ ಸಬ್‌ಫ್ರೇಮ್ ತಿರುಚಿಕೊಳ್ಳಲು ಯತ್ನಿಸುತ್ತದೆ. 343 ಅಶ್ವಶಕ್ತಿಯ ಎಂಜಿನ್‌ನ ಆ ತಿರುಚುವಿಕೆಯನ್ನು ತಾಳಬೇಕಾದದ್ದು ಸ್ಪಾಟ್ ವೆಲ್ಡ್ ಮಾಡಿದ ತೆಳು ತಗಡಿನ ಪದರಗಳು. ವರ್ಷಗಳು ಕಳೆದಂತೆ ಒಂದೊಂದೇ ವೆಲ್ಡ್ ಕಿತ್ತು, ಬುಷ್‌ಗಳ ಸುತ್ತ ತಗಡು ಸೀಳುತ್ತದೆ.

ಹಿಂಬದಿಯಿಂದ ಬರುವ ಮಂದ ಬಡಿತ, ವೆಲ್ಡ್‌ಗಳ ಸುತ್ತ ಒಡೆದ ಬಣ್ಣ, ಸುಕ್ಕಾದ ತಗಡು ಇದರ ಲಕ್ಷಣಗಳು. ಖಚಿತವಾಗಬೇಕಾದರೆ ಸಬ್‌ಫ್ರೇಮ್ ಇಳಿಸಲೇಬೇಕು, ಏಕೆಂದರೆ ಆರಂಭದ ಸೀಳುಗಳು ಅದರ ಮರೆಯಲ್ಲಿರುತ್ತವೆ. ಅಂಡರ್‌ಕೋಟಿಂಗ್ ಕೆರೆದು, ಲೋಹ ತೊಳೆದು, ಬಣ್ಣದ ದ್ರವ ಸವರುತ್ತಾರೆ. ಅದು ಸೀಳಿನೊಳಗೆ ಇಳಿದ ಮೇಲೆ ಮೇಲ್ಮೈ ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ, ಕೂದಲೆಳೆಯಂಥ ಬಿರುಕೂ ಕೆಂಪು ಗೆರೆಯಾಗಿ ಮೂಡುತ್ತದೆ. ಮೇಲುಗಡೆ ನೋಡಲು ಡಿಕ್ಕಿಯ ಹಾಸನ್ನೂ ತೆಗೆಯಬೇಕು.

ದುರಸ್ತಿಯ ವಿಧಾನಗಳು ಹಂತಹಂತವಾಗಿ ಬದಲಾದವು. ಪೊಳ್ಳು ಭಾಗಗಳಿಗೆ ಗಟ್ಟಿಯಾಗುವ ಫೋಮ್ ತುಂಬುವುದು ಕಂಪನಿ ಅನುಸರಿಸಿದ ಒಂದು ದಾರಿ. ಆ ಫೋಮ್ ವೆಲ್ಡಿಂಗ್ ಬಿಸಿಗೆ ಸುಡುವುದರಿಂದ ಮುಂದಿನ ರಿಪೇರಿ ಕಷ್ಟವಾಯಿತು. ಗ್ಯಾರೇಜುಗಳಲ್ಲಿ ಬೇರೂರಿದ ಕ್ರಮ ಬೇರೆ: ಸೀಳಿನ ತುದಿಯಲ್ಲಿ ಸಣ್ಣ ರಂಧ್ರ ಕೊರೆದು ಅದರ ಓಟ ತಡೆಯುವುದು, ಸೀಳನ್ನು ಬೆಸೆಯುವುದು, ನಾಲ್ಕೂ ಮೂಲೆಗೆ ಉಕ್ಕಿನ ಪ್ಲೇಟು ವೆಲ್ಡ್ ಮಾಡುವುದು. ಬರೀ ಸೀಳು ಮುಚ್ಚಿದರೆ ಹೊರೆ ಅದೇ ತಗಡಿನ ಮೇಲೆ ಉಳಿದು ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಈ ಕಾರಣಕ್ಕೆ, ಮೇಲುಗಡೆಯಿಂದಲೂ ಬಲಪಡಿಸಿ ಹೊರೆಯನ್ನು ಬಾಡಿಯ ಗಟ್ಟಿ ಭಾಗಗಳಿಗೆ ದಾಟಿಸುವ ನಂತರದ ವಿಧಾನವೇ ಹೆಚ್ಚು ಸಮರ್ಪಕ.

ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಸುರಕ್ಷಿತವಾಗಿ ಬೇರ್ಪಡಿಸಬೇಕು. ಕೆಲಸ ಮುಗಿದ ಮೇಲೆ ಪ್ರೈಮರ್, ಸೀಲರ್ ಹಚ್ಚಿ, ಪೊಳ್ಳುಗಳಿಗೆ ತುಕ್ಕುನಿರೋಧಕ ಮೇಣ ಹೊಡೆಯುತ್ತಾರೆ. ಏಕೆಂದರೆ ವೆಲ್ಡಿಂಗ್ ಬಿಸಿಗೆ ತಗಡಿನ ಒಳಮೈಯ ಲೇಪನವೂ ಸುಟ್ಟಿರುತ್ತದೆ.